ಕಾಲೇಜು ಬಂದ್, ಕ್ಲಾಸ್ ಉಂಟು

ಚೇರಂಬಾಣೆಯಿಂದ ಭಾಗಮಂಡಲದ ಕಡೆ ಹೋಗುವ ರಸ್ತೆ ಬಿಟ್ಟು ಕೆಳಗೆ ಇಳಿದರೆ ನಮ್ಮ ಊರು. ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿಗೆ ಮನೆ, ಮೂರು ಕಡೆ ಗುಡ್ಡ. ಬಂದ ನೆಂಟರೆಲ್ಲ ಅಂಗಳದಲ್ಲಿ ನಿಂತು 'ಎಷ್ಟು ಚಂದ ಮಾರಾಯ್ರೆ' ಅನ್ನುತ್ತಾರೆ, ಆಮೇಲೆ ಫೋನ್ ಎತ್ತಿ ಹಿಡಿದು ಅಂಗಳದ ತುಂಬ ಸುತ್ತುತ್ತಾರೆ. ಮನೆಯೊಳಗೆ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲಿ, ಅದೂ ಒಂದೇ ಕಡ್ಡಿ. ಕಾಲ್ ಮಾಡಲು ಸಾಕು, ಕ್ಲಾಸಿಗೆ ಸಾಲದು. ಕ್ಲಾಸಿಗೆ ಬೇಕಾದರೆ ಕಾಫಿ ತೋಟ ದಾಟಿ ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗ) ಮೇಲ್ತುದಿಗೆ ಹತ್ತಬೇಕು.

2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದಾಗ ನಾನು ಬಿ.ಕಾಂ. ಎರಡನೇ ವರ್ಷ. ಆ ವರ್ಷದ ಲಾಕ್‌ಡೌನ್ ಹೇಗೋ ಕಳೆಯಿತು. ಪರೀಕ್ಷೆ ಇದೆಯೋ ಇಲ್ಲವೋ ಅಂತ ಕಾಯುವುದರಲ್ಲೇ ಅರ್ಧ ಹೋಯಿತು. ಆ ದಿನಗಳಲ್ಲಿ ನಮ್ಮ ಕೊಡಗು ಜಿಲ್ಲೆಯ ಇನ್ನೊಂದು ತುದಿಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಪೇಪರಿನಲ್ಲಿ ಬಂದಿತ್ತು. ಹೊರಗಿನವರು ಅದನ್ನು ಸಾಹಸ ಅಂತ ಓದಿದರು. ನಮ್ಮೂರಲ್ಲಿ ಓದಿದವರು ಕೇಳಿದ್ದು ಒಂದೇ, 'ಅವರದ್ದು ಯಾವ ಸಿಮ್ಮಂತೆ?'

ನಾನು ಹೇಳಹೊರಟದ್ದು ಎರಡನೇ ಅಲೆಯ ಕಥೆ. 2021ರ ಏಪ್ರಿಲ್ 27ರಿಂದ ಮತ್ತೆ ಎಲ್ಲ ಬಂದ್, ಮೇ 10ರಿಂದ ಇನ್ನೂ ಬಿಗಿ. ನಾನು ಕೊನೆಯ ವರ್ಷದಲ್ಲಿದ್ದೆ. ಮೇ 17, ಸೋಮವಾರ, ಕಾಸ್ಟ್ ಅಕೌಂಟಿಂಗ್‌ನಲ್ಲಿ ನನ್ನ ಸೆಮಿನಾರ್. ಇಂಟರ್ನಲ್ ಮಾರ್ಕ್ಸ್ ಅದರ ಮೇಲೆ ನಿಂತಿತ್ತು. ಅಷ್ಟರಲ್ಲಿ ಶನಿವಾರ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಚಂಡಮಾರುತ ಸಮುದ್ರದ್ದಾದರೂ ಅದರ ಗಾಳಿ ಮಳೆಗೆ ಘಟ್ಟ ಅಡ್ಡ ಬರಲಿಲ್ಲ. ತೋಟದಲ್ಲಿ ನೆರಳಿನ ಸಿಲ್ವರ್ ಮರಗಳು ಮುರಿದು ಕರೆಂಟ್ ಲೈನಿನ ಮೇಲೆ ಬಿದ್ದವು, ಕರೆಂಟ್ ಹೋಯಿತು. ಕರೆಂಟ್ ಹೋದರೆ ನಮ್ಮ ಕಡೆ ಟವರ್ ಬ್ಯಾಟರಿ ಇರುವ ತನಕ ಮಾತ್ರ. ಆಮೇಲೆ ಯಾರಾದರೂ ಡೀಸೆಲ್ ಹಾಕಬೇಕು. ರಸ್ತೆಗೆ ಮರ ಅಡ್ಡ ಬಿದ್ದಿರುವಾಗ, ಲಾಕ್‌ಡೌನ್ ಬೇರೆ, ಡೀಸೆಲ್ ತರುವವರು ಯಾರು? ಭಾನುವಾರ ಬೆಳಗ್ಗೆ ಬಾಣೆಯ ತುದಿಗೆ ಹತ್ತಿ ನೋಡಿದರೆ ಅಲ್ಲೂ ಸೊನ್ನೆ.

ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಇಂಜಿನ್ ಓಡಿಸಿ ಫೋನ್ ಚಾರ್ಜ್ ಮಾಡಿಕೊಂಡೆ. ಅಲ್ಲಿ ಆಗಲೇ ಬೇರೆ ಮನೆಯವರ ಫೋನ್‌ಗಳೂ ಸರದಿಯಲ್ಲಿದ್ದವು. ಮುಖ್ಯರಸ್ತೆಯ ಮೇಲಿನ ತಿರುವಿನಲ್ಲಿ ಬೇರೆ ಟವರ್ ಹಿಡಿಯುತ್ತದೆ ಅಂತ ಅಲ್ಲೇ ಯಾರೋ ಹೇಳಿದ್ದು.

ಸೋಮವಾರ ಬೆಳಗ್ಗೆ ಹೊರಟೆವು. ನಾನು, ನನ್ನ ಗೆಳತಿ, ಜೊತೆಗೆ ಅಜ್ಜ. ಹೆಣ್ಣುಮಕ್ಕಳಿಬ್ಬರೇ ಆ ದಾರಿಯಲ್ಲಿ ಹೋಗುವುದು ಬೇಡ, ಆನೆ ಓಡಾಡುತ್ತಿವೆ ಅಂತ ಅವ್ವ ಅಜ್ಜನನ್ನು ಹೊರಡಿಸಿದ್ದಳು. ಗೆಳತಿಯ ಮನೆ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ. ಅವರ ಮನೆಗೆಲ್ಲ ಸೇರಿ ಇದ್ದದ್ದು ಒಂದು ಸ್ಮಾರ್ಟ್‌ಫೋನ್. ಅದು ಅಪ್ಪನ ಕಿಸೆಯಲ್ಲಿ ಕೆಲಸಕ್ಕೆ ಹೋಗುತ್ತಿತ್ತು, ಸಂಜೆ ಬಂದರೆ ಎಸ್ಸೆಸ್ಸೆಲ್ಸಿಯ ತಮ್ಮನ ಕೈಗೆ. ಹಾಗಾಗಿ ಅವಳ ಆನ್‌ಲೈನ್ ಕ್ಲಾಸ್ ಎಲ್ಲ ನನ್ನ ಫೋನಿನಲ್ಲೇ. ಇಬ್ಬರೂ ಕೂತು ಕೇಳುತ್ತಿದ್ದೆವು, ಹಾಜರಾತಿ ಬೀಳುತ್ತಿದ್ದದ್ದು ಒಂದೇ ಹೆಸರಿಗೆ.

ತಿರುವಿಗೆ ತಲುಪುವ ಮೊದಲೇ ಪೊಲೀಸ್ ಜೀಪು ಬಂತು.

'ಎಲ್ಲಿಗೆ ಅಜ್ಜ, ಮಕ್ಕಳನ್ನು ಕಟ್ಟಿಕೊಂಡು?'

'ಕ್ಲಾಸಿಗೆ.'

'ಕಾಲೇಜು ಬಂದ್ ಅಲ್ವಾ?'

'ಕಾಲೇಜು ಬಂದ್, ಕ್ಲಾಸ್ ಉಂಟು' ಅಂದರು ಅಜ್ಜ. ಪೊಲೀಸಿನವರು ಒಂದು ಗಳಿಗೆ ನಮ್ಮನ್ನೇ ನೋಡಿ, ಮಾಸ್ಕ್ ಮೂಗಿನ ಮೇಲೆ ಏರಿಸಿಕೊಳ್ಳಲು ಹೇಳಿ ಹೋದರು. ಅವರ ಮನೆಯಲ್ಲೂ ಓದುವ ಮಕ್ಕಳು ಇದ್ದಿರಬೇಕು.

ತಿರುವಿನಲ್ಲಿ ಮೋರಿಯ ಕಟ್ಟೆ ಇದೆ. ಅದರ ಮೇಲೆ ಗೋಣಿಚೀಲ ಹಾಸಿ ಕೂತೆವು. ಕಾಲಿಗೆ ಜಿಗಣೆ ಹತ್ತದಂತೆ ಉಪ್ಪಿನ ಗಂಟು ಪಕ್ಕದಲ್ಲಿ. ಫೋನನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ರಬ್ಬರ್‌ಬ್ಯಾಂಡ್ ಸುತ್ತಿದ್ದೆ. ಕವರಿನ ಮೇಲೆ ಹನಿ ಬಿದ್ದರೆ ಸ್ಕ್ರೀನ್ ತಾನಾಗಿಯೇ ಅತ್ತ ಇತ್ತ ಓಡುತ್ತದೆ, ಒತ್ತಿದ್ದು ಒಂದು, ತೆರೆಯುವುದು ಇನ್ನೊಂದು. ಅಜ್ಜ ಕೊಡೆ ಹಿಡಿದು ನಿಂತರು. ಕೊಡೆ ಇದ್ದದ್ದು ಫೋನಿಗೆ, ನಮ್ಮಿಬ್ಬರ ಬೆನ್ನ ಮೇಲೆ ನೀರು ಇಳಿಯುತ್ತಲೇ ಇತ್ತು.

ಲಿಂಕ್ ತೆರೆಯಿತು. ಮ್ಯಾಮ್ ಅವರ ಮನೆಯ ಕುಕ್ಕರ್ ಕೂಗುತ್ತಿತ್ತು. 'ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ' ಅನ್ನುವಷ್ಟರಲ್ಲಿ ಅವರ ಮಗು ಅಳಲು ಶುರು ಮಾಡಿ ಅವರೇ ಮ್ಯೂಟ್ ಆದರು. ಅವರ ಕಷ್ಟ ಅವರಿಗೆ. ಉಪನ್ಯಾಸಕರ ಬಗ್ಗೆ ತಮಾಷೆ ಮಾಡುತ್ತಿದ್ದ ನಾವು ಇಂಥದ್ದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ನನ್ನ ವಿಷಯ ಬ್ರೇಕ್ ಈವನ್. ಪುಸ್ತಕದಲ್ಲಿದ್ದ ಪೆನ್ನಿನ ಕಾರ್ಖಾನೆಯ ಲೆಕ್ಕ ಬಿಟ್ಟು ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಕಾಯಿಯ, ಲೆಕ್ಕ ಮಾಡಿಕೊಂಡಿದ್ದೆ. ಬೆಳೆ ಎಷ್ಟೇ ಬಂದರೂ ಬದಲಾಗದ ಖರ್ಚು, ಫಿಕ್ಸೆಡ್ ಕಾಸ್ಟ್, 1,80,000 ರೂಪಾಯಿ. 50 ಕೆ.ಜಿ.ಯ ಒಂದೊಂದು ಚೀಲಕ್ಕೂ ತಗಲುವ ಖರ್ಚು, ವೇರಿಯಬಲ್ ಕಾಸ್ಟ್, 1,500, ಮಾರುವ ಬೆಲೆ 3,500. ಚೀಲಕ್ಕೆ ಉಳಿಯುವ ಕಾಂಟ್ರಿಬ್ಯೂಷನ್ 2,000. ಆದ್ದರಿಂದ 90 ಚೀಲ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

'ಓಟಿ ಎಷ್ಟು ಹಿಡಿದೆ?' ಅಂದರು ಅಜ್ಜ, ಕೊಡೆಯ ಆಚೆಯಿಂದ. ಮೈಕ್ ಆನ್ ಇತ್ತು.

'ಯಾರದು?' ಮ್ಯಾಮ್ ಕೇಳಿದರು.

'ನಮ್ಮ ಅಜ್ಜ, ಮ್ಯಾಮ್. ಸಾರಿ ಮ್ಯಾಮ್.'

'ಇರ್ಲಿ, ಅವ್ರು ಕೇಳಿದ್ದೇನು?'

ಅಜ್ಜ ಬಗ್ಗಿ ಕವರಿನ ಹತ್ತಿರ ಬಾಯಿ ತಂದು, ದೂರದವರಿಗೆ ಕೂಗಿ ಹೇಳುವ ದನಿಯಲ್ಲಿ ಶುರು ಮಾಡಿದರು. ಚೆರಿ ಮಾರುವಾಗ ಚೀಲಕ್ಕೆ ಇಷ್ಟು ಅಂತ ಸುಮ್ಮನೆ ಕೊಡುವುದಿಲ್ಲ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗುತ್ತಾನೆ. ಒಂದು ಚೀಲಕ್ಕೆ ಎಷ್ಟು ಕೆ.ಜಿ. ಬೇಳೆ ಬೀಳುತ್ತದೋ ಅದು ಓಟಿ, ದುಡ್ಡು ಅದರ ಮೇಲೆ. 'ಇವಳು ಚೀಲಕ್ಕೆ ಮೂರೂವರೆ ಸಾವಿರ ಬರೆದಿದ್ದಾಳೆ. ಓಟಿ 28 ಬಂದರೆ ಸರಿ ಮೇಡಂ. ಕಾಯಿ ಕಟ್ಟುವಾಗ ಕೊಳೆರೋಗ ಬಂದು, ಜೊಳ್ಳು ಜಾಸ್ತಿಯಾಗಿ 25 ಬಂದರೆ? ಖರ್ಚು ಅಷ್ಟೇ ಇರುತ್ತದೆ.'

ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮ್ಯಾಮ್ ನಕ್ಕು, 'ಎಲ್ಲರೂ ಲೆಕ್ಕ ಮಾಡಿ' ಅಂದರು. 28ಕ್ಕೆ 3,500 ಆದರೆ ಕೆ.ಜಿ. ಬೇಳೆಗೆ 125. 25ಕ್ಕೆ ಚೀಲಕ್ಕೆ ಸಿಗುವುದು 3,125, ಉಳಿಯುವುದು 1,625. ನನ್ನ ಕೈಗೆ ಪೆನ್ನು ಬರುವಷ್ಟರಲ್ಲಿ ಚಾಟ್‌ನಲ್ಲಿ ಒಬ್ಬ '111 ಚೀಲ' ಅಂತ ಟೈಪ್ ಮಾಡಿದ್ದ. ಮೂರು ಓಟಿ ಇಳಿದರೆ 21 ಚೀಲ ಜಾಸ್ತಿ ಬೇಕು. ಆ ಸೆಮಿಸ್ಟರಿನ ಪಾಠಗಳಲ್ಲಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಅದೊಂದೇ ಅಂದರೆ ಸುಳ್ಳಲ್ಲ. ಬೆಲೆ ಬದಲಾಗುವುದಿಲ್ಲ ಅಂತ ಪುಸ್ತಕ ಮೊದಲ ಸಾಲಿನಲ್ಲೇ ಹೇಳಿಬಿಡುತ್ತದೆ, ತೋಟದವರ ಜಗಳ ಇರುವುದೇ ಆ ಸಾಲಿನಲ್ಲಿ.

ಅಷ್ಟು ಹೊತ್ತಿಗೆ ಸ್ಕ್ರೀನಿನ ಮೇಲಿನ ಚಕ್ರ ತಿರುಗಲು ಶುರುವಾಯಿತು. ಮುಂದಿನವರ ಸೆಮಿನಾರ್ ನಮಗೆ ಸಿಗಲಿಲ್ಲ. ಅವತ್ತು ರಾತ್ರಿ ತೌಕ್ತೆ ಗುಜರಾತಿನ ದಡ ಹತ್ತಿತು. ನಮಗೆ ಕರೆಂಟ್ ಬಂದದ್ದು ಅದಾಗಿ ಎಷ್ಟೋ ದಿನಕ್ಕೆ. ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಸುದ್ದಿ ಬಂದಾಗ ಅಜ್ಜ ಕೇಳಿದರು, 'ಅದರ ಜೊತೆ ಟವರ್ ಸಹ ಕೊಡ್ತಾರಾ?'

ಜುಲೈ 26ರಿಂದ ಕಾಲೇಜು ತೆರೆಯಿತು, ಒಂದು ಡೋಸ್ ಲಸಿಕೆಯಾದರೂ ಆದವರಿಗೆ. ನನಗೆ ಸೆಮಿನಾರಿನಲ್ಲಿ ಒಳ್ಳೆಯ ಅಂಕ ಬಂದಿತ್ತು. ಗೆಳತಿಗೆ ಹಾಜರಾತಿ ಕೊರತೆ. ಒಂದೇ ಫೋನಿನಲ್ಲಿ ಇಬ್ಬರು ಕೇಳುತ್ತಿದ್ದೆವು ಅಂತ ಮ್ಯಾಮ್ ಪತ್ರ ಬರೆದುಕೊಟ್ಟರು. ಆಫೀಸಿನಲ್ಲಿ ಒಂದು ಫಾರ್ಮ್ ಕೊಟ್ಟರು. 'ಗೈರುಹಾಜರಿಗೆ ಕಾರಣ' ಅಂತ ಇದ್ದಲ್ಲಿ ಅವಳು 'ಫೋನ್ ಇರಲಿಲ್ಲ, ಕರೆಂಟ್ ಇರಲಿಲ್ಲ' ಅಂತ ಬರೆದಳು. ಕೌಂಟರಿನಲ್ಲಿದ್ದವರು ಓದಿ ವಾಪಸ್ ತಳ್ಳಿದರು, ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಿ ತನ್ನಿ ಅಂತ.

'ಯಾರದು ಸರ್? ಟ್ರಾನ್ಸ್‌ಫಾರ್ಮರಿನದಾ?' ಅಂದಳು ಅವಳು.

ನಾನು ಅವಳ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಪ್ರಾಂಶುಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆವು. ಅಂಥದ್ದೇ ಫಾರ್ಮ್ ಹಿಡಿದುಕೊಂಡು ಮೊದಲೇ ಕೂತಿದ್ದವರು ನಮಗೆ ಜಾಗ ಮಾಡಿಕೊಟ್ಟರು.