75 ಗುಂಬಜ್‌ಗೆ 225 ಕೂಗು

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ನೋಡಿದ್ದೀರಲ್ವಾ? 1367ರಲ್ಲಿ ಕಟ್ಟಿದ್ದು. ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ. ಅದರ ಮೇಲೆ ದೊಡ್ಡ ಗುಂಬಜ್ ಒಂದು, ಮೂಲೆಗೆ ನಾಲ್ಕು, ಚಿಕ್ಕವು 75. ಇದನ್ನು ಬ್ರೌಸರ್‌ನಲ್ಲಿ ಬೆರಳಿಂದ ತಿರುಗಿಸಿ ನೋಡುವಂತೆ ಮಾಡುವ ಕೆಲಸ ನನಗೆ ಬಂತು. ಗುಂಬಜ್ ಒತ್ತಿದರೆ ಬಣ್ಣ ಬದಲಾಗಬೇಕು.

ಬ್ರೌಸರ್‌ನಲ್ಲಿ 3ಡಿ ಚಿತ್ರ ಬಿಡಿಸುವ ತ್ರೀ.ಜೆಎಸ್ ಅನ್ನು ರಿಯಾಕ್ಟ್ ಜೊತೆ ಬಳಸಲು ರಿಯಾಕ್ಟ್ ತ್ರೀ ಫೈಬರ್ ಇದೆ. ಅದರಲ್ಲಿ ಒಂದು ಗುಂಬಜ್ ಕಾಂಪೊನೆಂಟ್, ಅಂದರೆ ಮತ್ತೆ ಮತ್ತೆ ಬಳಸಬಹುದಾದ ಕೋಡ್ ತುಂಡು, ಬರೆದೆ. ಚೌಕದ ಪೀಠ, ಅದರ ಮೇಲೆ ದುಂಡು ಗೋಡೆ, ಮೇಲೆ ಅರ್ಧಗೋಳ. ಮೂರು ಮೆಶ್, ಅಂದರೆ ಮೂರು 3ಡಿ ಆಕೃತಿ. ಪ್ರತಿಯೊಂದರ ಜಾಗವನ್ನು ಪ್ರಾಪ್ ಆಗಿ (ಹೊರಗಿಂದ ಕೊಡುವ ಮಾಹಿತಿಯಾಗಿ) ಕೊಟ್ಟು, ಮ್ಯಾಪ್ ಹಾಕಿ ಅದನ್ನೇ 75 ಸಲ ಬಳಸಿದೆ, ಛಾವಣಿ ತುಂಬಿತು. ಲ್ಯಾಪ್‌ಟಾಪ್‌ನಲ್ಲಿ ಸರಾಗ. ನನಗೆ ನನ್ನ ಮೇಲೇ ಅಭಿಮಾನ.

ಮರುದಿನ ಆಫೀಸಿನ ಹುಡುಗನ ಹಳೇ ಫೋನ್‌ನಲ್ಲಿ ತೆರೆದೆವು. ಮಸೀದಿ ಎತ್ತಿನಗಾಡಿ ಥರ ಕುಲುಕುತ್ತಾ ತಿರುಗಿತು. "ಫೋನ್ ಬಿಸಿ ಆಗ್ಲತ್ತದ ನೋಡ್ರಿ ಸರ್" ಅಂತ ಅವನು ಕೈ ಬದಲಿಸಿದ.

ಒಂದೂವರೆ ದಿನ ಸುಮ್ನೆ ಕಲ್ಲಿನ ಚಿತ್ರಗಳ ಸೈಜ್ ಇಳಿಸುತ್ತಾ ಕೂತೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ತ್ರೀ.ಜೆಎಸ್ ರೆಂಡರರ್‌ನ ಇನ್ಫೋದಲ್ಲಿ ಡ್ರಾ ಕಾಲ್, ಅಂದರೆ "ಇದನ್ನು ಬಿಡಿಸು" ಅಂತ ಗ್ರಾಫಿಕ್ಸ್ ಚಿಪ್‌ಗೆ ಹಾಕುವ ಕೂಗು, ಎಣಿಸಿದೆ. ಮಿಕ್ಕಿದ್ದನ್ನೆಲ್ಲ ಮರೆಮಾಡಿ ನೋಡಿದರೆ ಚಿಕ್ಕ ಗುಂಬಜ್‌ಗಳೇ 225. ನೆರಳು ಹಾಕಿದ್ದಕ್ಕೆ ಇನ್ನೊಂದು ಸುತ್ತು ಬೇರೆ!

ನಾನು ಬರೆದಿದ್ದು ಒಂದು ಸಲ, ನಿಜ. ಆದರೆ ಕಾಂಪೊನೆಂಟ್ ಬಳಸಿದಷ್ಟು ಸಲವೂ ಹೊಸ ಜಿಯೊಮೆಟ್ರಿ (ಆಕಾರ), ಹೊಸ ಮಟೀರಿಯಲ್ (ಮೇಲ್ಮೈ ಬಣ್ಣ, ಹೊಳಪು) ಹುಟ್ಟುತ್ತಿತ್ತು. ಪ್ರತಿ ಮೆಶ್‌ಗೂ ಒಂದೊಂದು ಡ್ರಾ ಕಾಲ್. ಹೋಟೆಲ್‌ನಲ್ಲಿ 75 ಚಹಾ ಬೇಕಾದಾಗ "ಒಂದು ಚಹಾ" ಅಂತ 75 ಸಲ ಕೂಗಿದ ಹಾಗೆ. ಜಿಯೊಮೆಟ್ರಿ, ಮಟೀರಿಯಲ್ ಎರಡನ್ನೂ ಹೊರಗೆ ಇಟ್ಟು ಎಲ್ಲರಿಗೂ ಹಂಚಿದೆ. ಮೆಮೊರಿ ಇಳಿಯಿತು, ಕೂಗು ಮಾತ್ರ 225ರಲ್ಲೇ ನಿಂತಿತ್ತು. ಇದು ನನಗೆ ಗೊತ್ತೇ ಇರಲಿಲ್ಲ.

ಒಂದೇ ಆಕೃತಿಯ ಎಷ್ಟೋ ಪ್ರತಿಗಳನ್ನು ಒಂದೇ ಕೂಗಿನಲ್ಲಿ ಬಿಡಿಸುವ ಇನ್‌ಸ್ಟೆನ್ಸ್ಡ್‌ಮೆಶ್ ಹಾಕಿದ ಮೇಲೆ ಕೂಗು ಮೂರಕ್ಕೆ ಬಂತು: ಪೀಠಗಳೆಲ್ಲ ಒಂದು, ಗೋಡೆಗಳು ಒಂದು, ಗೋಳಗಳು ಒಂದು. ಪ್ರತಿಯೊಂದರ ಜಾಗ ಒಂದು ಮ್ಯಾಟ್ರಿಕ್ಸ್‌ನಲ್ಲಿ (ಅಂಕಿಗಳ ಕೋಷ್ಟಕದಲ್ಲಿ) ಇರುತ್ತದೆ. ಒತ್ತಿದರೆ ಎಷ್ಟನೇದು ಅಂತ ಇನ್‌ಸ್ಟೆನ್ಸ್ ಐಡಿ ಸಿಗುತ್ತದೆ. ಬಣ್ಣ ಬದಲಿಸಿ, ಬದಲಾಗಿದೆ ಅಂತ ತಿಳಿಸುವ ನೀಡ್ಸ್‌ಅಪ್‌ಡೇಟ್ ಅನ್ನುವುದನ್ನು ಟ್ರೂ ಮಾಡಲು ಮರೆತು ಅರ್ಧ ಗಂಟೆ ಕಳೆದೆ, ಅದು ಬೇರೆ ಕಥೆ.

ಫೋನ್ ಈಗ ಸರಾಗ. ಹುಡುಗ ಒಂದು ಗುಂಬಜ್ ಒತ್ತಿ ನಕ್ಕ. "ಸರ್, ಟೊಪ್ಪಿಗಿ ಅಷ್ಟೇ ಬದಲಾಗ್ಲತ್ತದ."

ಹೌದು. ಮೊದಲು ಮೂರೂ ಭಾಗ ಒಂದೇ ಕಾಂಪೊನೆಂಟ್, ಈಗ ಬೇರೆ ಬೇರೆ ಮೆಶ್. ಅದೇ ಐಡಿಯನ್ನು ಉಳಿದ ಎರಡಕ್ಕೂ ನಾನೇ ತಲುಪಿಸಬೇಕಿತ್ತು. ತಿದ್ದಲು ಕೂತೆ. ಅಷ್ಟರಲ್ಲಿ ಕೆಲಸ ಕೊಟ್ಟವರು ನೋಡಿ, ಹೀಗೇ ಚೆಂದ, ಬಿಡಿ ಅಂದರು.