ಆರು ನೂರು ಸಿಡಿಗೆ ಎಷ್ಟು ದಿನ ಹಿಡೀತು?

ಹಾಸನದ ನಮ್ಮ ಮನೆಗೆ ಬಂದವರು ಖಾಲಿ ಕಪಾಟು ನೋಡಿ ಕೇಳುವುದು ಇದೊಂದನ್ನೇ: "ಅಷ್ಟೂ ಸಂಗೀತದ ಸಿಡಿ ಕಂಪ್ಯೂಟರ್‌ಗೆ ಹಾಕೋಕೆ ಎಷ್ಟು ದಿನ ಹಿಡೀತು?"

ಹದಿನಾಲ್ಕು ತಿಂಗಳು ಅಂದರೆ ನಗುತ್ತಾರೆ. ಒಂದಕ್ಕೆ ಹತ್ತು ನಿಮಿಷ ಅಂದರೂ ಆರು ನೂರಕ್ಕೆ ನೂರು ಗಂಟೆ ತಾನೇ? ಲೆಕ್ಕ ಸರಿಯಾಗಿಯೇ ಇದೆ.

ಮೊದಲ ತಿಂಗಳನ್ನು ನನ್ನ ದಡ್ಡತನ ತಿಂದಿತು. ಜಾಗ ಉಳಿಯಲಿ ಅಂತ ಎಲ್ಲವನ್ನೂ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್ ಮಾಹಿತಿ) ಎಂಪಿ3 ಮಾಡಿದೆ. ಸಿಡಿಯಲ್ಲಿ ಇರುವುದು 1,411. ಹನ್ನೊಂದರಲ್ಲಿ ಹತ್ತು ಪಾಲು ಎಸೆದಿದ್ದೆ! ಕಾರಿನಲ್ಲಿ ಗೊತ್ತಾಗಲಿಲ್ಲ. ಮನೆಯ ಸ್ಪೀಕರ್‌ನಲ್ಲಿ ತಂಬೂರಿ ನೀರು ಬೆರೆಸಿದ ಹಾಲಿನಂತಿತ್ತು. ಮತ್ತೆ ಮೊದಲಿನಿಂದ, ಈ ಸಲ ಫ್ಲ್ಯಾಕ್ ಅನ್ನುವ ಫೈಲ್ ಬಗೆಯಲ್ಲಿ. ಅದರಲ್ಲಿ ಜಾಗ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ದನಿ ಚೂರೂ ಕಳೆಯುವುದಿಲ್ಲ. ಬೇಕಾದಾಗ ಎಂಪಿ3 ಮಾಡಿಕೊಳ್ಳಬಹುದು. ಹಾಗಂತ 'ಒಂದೇ ಡಿಸ್ಕ್‌ನಲ್ಲಿ ನೂರೈವತ್ತು ಹಾಡು' ಅಂತ ಮಾರುತ್ತಿದ್ದ ಎಂಪಿ3 ಸಿಡಿಗಳನ್ನು ಫ್ಲ್ಯಾಕ್ ಮಾಡಬೇಡಿ. ಹೋದದ್ದು ವಾಪಸ್ ಬರಲ್ಲ, ಸುಮ್ನೆ ಜಾಗ ದಂಡ.

ಸಿಡಿಯಿಂದ ಹಾಡು ತೆಗೆಯೋಕೆ ನಾನು ಬಳಸಿದ್ದು ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ತಂತ್ರಾಂಶ. ವಿಂಡೋಸ್‌ಗೆ ಪುಕ್ಕಟೆ ಸಿಗುತ್ತದೆ, ಗೀರು ಬಿದ್ದ ಜಾಗವನ್ನು ಬಿಡದೆ ಮತ್ತೆ ಮತ್ತೆ ಓದುತ್ತದೆ. ಸಕಲೇಶಪುರದ ಅತ್ತೆ ಮನೆಯಿಂದ ಬಂದ ಪೆಟ್ಟಿಗೆಗೆ ಮಳೆಗಾಲದ ಬೂಷ್ಟು ಹಿಡಿದಿತ್ತು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ. ಹೊಳೆಯುವ ಕಡೆ ಗೀರಿದ್ದರೂ ಎಷ್ಟೋ ಸಲ ಬಚಾವು. ಹೆಸರು ಅಚ್ಚಾದ ಕಡೆ ಆಳವಾಗಿ ಗೀಚಿದರೆ ಕಷ್ಟ, ಹಾಡಿನ ಪದರ ಇರುವುದು ಅದರ ಅಡಿಯಲ್ಲೇ.

ಉಳಿದ ತಿಂಗಳೆಲ್ಲ ಹೋದದ್ದು ಹೆಸರು ಬರೆಯೋದಕ್ಕೆ. ಕಂಪ್ಯೂಟರ್ ತಾನಾಗಿ ಹುಡುಕಿ ತಂದ ಹೆಸರು ನೋಡಿದರೆ ಅಳಬೇಕೋ ನಗಬೇಕೋ. ಅರ್ಧಕ್ಕೆ ಬರೀ 'ಟ್ರ್ಯಾಕ್ 1'. ನಮ್ಮ ಜಿಲ್ಲೆಯ ರುದ್ರಪಟ್ಟಣದ ಗಾಯಕ ಆರ್.ಕೆ. ಶ್ರೀಕಂಠನ್ ಅವರು ಇಂಗ್ಲಿಷ್ ಸ್ಪೆಲಿಂಗ್‌ನಿಂದಾಗಿ ಮೂರು ಜನ ಆಗಿದ್ದರು! ಒಂದು ಕಡೆ ಟಿ, ಒಂದು ಕಡೆ ಟಿಎಚ್, ಇನ್ನೊಂದು ಕಡೆ ಇನಿಷಿಯಲ್ಲೇ ಇಲ್ಲ. ದೇವರನಾಮಕ್ಕೆ ಪುರಂದರದಾಸರನ್ನೇ ಗಾಯಕರು ಅಂತ ಹಾಕಿದ್ದೂ ಇತ್ತು. ಕೊನೆಗೆ ಎಲ್ಲವನ್ನೂ ಕನ್ನಡದಲ್ಲೇ ಬರೆದೆ. ಹಾಡಿದವರು ಒಂದು ಕಡೆ, ರಚಿಸಿದವರು ಇನ್ನೊಂದು ಕಡೆ. ರಾಗಕ್ಕೆ ಅಂತ ಜಾಗವೇ ಇರಲಿಲ್ಲ, ಪಾಪ್, ರಾಕ್ ಅಂತ ಬರೆಯುವ ಖಾನೆಯಲ್ಲಿ ತುಂಬಿದೆ. ಈಗ ಕಾಪಿ ಅಂತ ಹೊಡೆದರೆ ಕಾಪಿ ರಾಗದ್ದೆಲ್ಲ ಸಾಲಾಗಿ ಬರುತ್ತದೆ. ಆ ಖುಷಿ ಬೇರೆ.

ರಾಗ ಅಚ್ಚಾಗದ ಸಿಡಿಗಳಿಗೆ ನಮ್ಮ ಬೀದಿಯ ಸಂಗೀತದ ಮೇಷ್ಟ್ರೇ ಗತಿ. ಭಾನುವಾರ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ಒಮ್ಮೆ ಕವರ್ ಮೇಲೆ ಮುಖಾರಿ ಅಂತಿತ್ತು. "ಭೈರವಿ ಕಣಯ್ಯ ಇದು, ಅಚ್ಚು ಹಾಕಿದವನಿಗೆ ಹೇಳು" ಅಂದರು. ದಿನಕ್ಕೆ ಮೂರು ಸಿಡಿ ಮುಗಿದರೆ ಜಾಸ್ತಿ. ಅವಸರ ಮಾಡುವ ಹಾಗೂ ಇಲ್ಲ, ಪೂರ್ತಿ ಕೇಳದೆ ಅವರು ಎದ್ದವರೇ ಅಲ್ಲ.

ಈಗ ಎಲ್ಲ ಸೇರಿ ಸುಮಾರು 200 ಜಿಬಿ. ಒಂದು ಹಾರ್ಡ್ ಡಿಸ್ಕ್ ಇಲ್ಲಿ, ಇನ್ನೊಂದು ಚಿಕ್ಕಮಗಳೂರಿನ ತಮ್ಮನ ಮನೆಯಲ್ಲಿ. ಸಿಡಿಗಳು ಅಟ್ಟದ ಮೇಲಿವೆ, ಎಸೆದಿಲ್ಲ.

'ಗೊತ್ತಿಲ್ಲ' ಅನ್ನುವ ಫೋಲ್ಡರ್‌ನಲ್ಲಿ ಇನ್ನೂ ನಾಲ್ಕು ಹಾಡಿವೆ. ಮೇಷ್ಟ್ರಿಗೂ ಬಗೆಹರಿಯಲಿಲ್ಲ. ಯಾರಾದರೂ ಮನೆಗೆ ಬಂದು ಇದೇ ಪ್ರಶ್ನೆ ಕೇಳಿದರೆ, ಕಾಫಿ ಕೊಡುವ ಮೊದಲು ಅದರಲ್ಲೊಂದನ್ನು ಹಾಕುತ್ತೇನೆ.