ಬೊಲೊನ್ಯಾಕ್ಕೆ ಒಂದೇ ಟಿಕೆಟ್

ಮಿಲಾನಿನಿಂದ ಬೊಲೊನ್ಯಾಕ್ಕೆ ವೇಗದ ರೈಲಿನಲ್ಲಿ ಗಂಟೆ ಚಿಲ್ಲರೆ ದಾರಿ. ಇಲ್ಲಿಗೆ ಬಂದು ಮೂರು ವರ್ಷವಾದರೂ ಹೋಗಿರಲಿಲ್ಲ. ಜೊತೆಗೆ ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದೆ. ನಿನ್ನೆ ರಾತ್ರಿ ಕಾದದ್ದು ಸಾಕೆನಿಸಿ ಒಂದೇ ಟಿಕೆಟ್ ತೆಗೆದೆ. ಎರಡು ದಿನ, ಬೆನ್ನಿಗೊಂದು ಚೀಲ.

ಆ ಊರಿಗೆ ಇಟಲಿಯವರು ಇಟ್ಟ ಅಡ್ಡಹೆಸರುಗಳಲ್ಲಿ ಒಂದು ‘ವಿದ್ಯಾವಂತೆ’, 1088ರ ವಿಶ್ವವಿದ್ಯಾಲಯದ ದೆಸೆಯಿಂದ. ಇನ್ನೊಂದು ‘ದಢೂತಿ’, ಊಟದ ದೆಸೆಯಿಂದ. ನನ್ನನ್ನು ಕರೆಯುತ್ತಿರುವವಳು ಈ ಎರಡನೆಯವಳು. ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ತಾಲ್ಯಾತೆಲ್ಲೆ ಪಾಸ್ತಾದ ಚಿನ್ನದ ಎಳೆಯೊಂದನ್ನು 1972ರಿಂದ ಅಳತೆಗೆಂದು ಇಟ್ಟಿದ್ದಾರೆ: ಬೆಂದ ಮೇಲೆ ಅಗಲ ಎಂಟು ಮಿಲಿಮೀಟರ್ ಇರಬೇಕು. ಶಾವಿಗೆ ಒತ್ತುವಾಗ ನಮ್ಮಜ್ಜಿಯೂ ಎಳೆ ದಪ್ಪವಾಯಿತೆಂದು ಗೊಣಗುತ್ತಿದ್ದಳು. ಚಿನ್ನದ್ದೊಂದು ಇರಲಿಲ್ಲ, ಅಷ್ಟೇ.

ತೊಡಕೆಂದರೆ ನಾನು ಸಸ್ಯಾಹಾರಿ. ಪಾಸ್ತಾಗೆ ಕಲಸುವ ಹೆಸರುವಾಸಿ ರಾಗು ಗೊಜ್ಜು ಮಾಂಸದ್ದು, ತೊರ್ತೆಲ್ಲೀನಿ ಎಂಬ ಪುಟ್ಟ ಕಡುಬಿನಂಥ ಪಾಸ್ತಾದ ಹೂರಣವೂ ಮಾಂಸದ್ದೇ. ಉಳಿದದ್ದು ರಿಕೊತ್ತಾ ಎಂಬ ಮೆತ್ತನೆಯ ಚೀಸ್ ತುಂಬಿ, ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಹೊರಳಿಸಿದ ತೊರ್ತೆಲ್ಲೋನಿ. ಅದರ ಮೇಲೆ ಉದುರಿಸುವ ಪಾರ್ಮಿಜಾನೋ ಚೀಸ್‌ಗೆ ಹಾಲು ಒಡೆಯುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಅದನ್ನು ಬೇಡವೆಂದರೆ ಮಾಣಿಯ ಮುಖ ಹೇಗಾದೀತೋ!

ಅಮ್ಮನಿಗೆ ಇದ್ಯಾವುದರ ಚಿಂತೆಯೂ ಇಲ್ಲ. “ಊಟಕ್ಕೂ ಒಬ್ಬಳೇ ಕೂರುತ್ತೀಯಾ?” ಎಂದು ಮಾತ್ರ ಕೇಳಿದಳು. ಯೋಚಿಸಿ ನೋಡಿದರೆ, ಹೋಟೆಲಿನಲ್ಲಿ ಮೊಬೈಲ್ ಮುಟ್ಟದೆ ನಾನು ಒಬ್ಬಳೇ ಉಂಡದ್ದು ನೆನಪೇ ಇಲ್ಲ.

ಮಳೆಯ ಮುನ್ಸೂಚನೆ ಇದೆ. ಪರವಾಗಿಲ್ಲ, ಸಾನ್ ಲೂಕಾ ಗುಡ್ಡದವರೆಗೂ 666 ಕಮಾನುಗಳ ಸೂರು ಉಂಟು. ಕೊಡೆಯ ಜಾಗದಲ್ಲಿ ಉಪ್ಪಿನಕಾಯಿ ಡಬ್ಬಿ ಇಟ್ಟಿದ್ದೇನೆ.